ನೆಲದ ವಿಕಿರಣದ ಮೂಲ ಹುಡುಕಿ ಆಕಾಶಕ್ಕೇರಿದವರು

ತಾಲ್ಲೂಕು ಕಚೇರಿಯ ಆವರಣದಲ್ಲಿ ನಿಂತಿರುವ ಮಳೆಮಾಪಕವನ್ನು ಹಿಂದಿನ ತಲೆಮಾರಿನ ಓದುಗರು ನೋಡಿರುತ್ತಾರೆ. ಅದಕ್ಕೆ ವಿದ್ಯುತ್ ಬೇಡ, ಕಾವಲು ಬೇಡ. ರಾತ್ರಿಯಿಡೀ ಸುರಿದ ಮಳೆಯನ್ನು ಅದು ತನ್ನ ಪಾಡಿಗೆ ಹಿಡಿದಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಎಂಟೂವರೆ ಗಂಟೆಗೆ ಗುಮಾಸ್ತರು ಬಂದು ನೀರನ್ನು ಅಳೆದು ವಹಿಯಲ್ಲಿ ನಮೂದಿಸುತ್ತಾರೆ. ಸರ್ಕಾರಿ ಸೇವೆಯ ಮೊದಲ ವರ್ಷಗಳಲ್ಲಿ ಆ ವಹಿಯನ್ನು ನಾನೂ ಉದಾಸೀನದಿಂದಲೇ ನೋಡುತ್ತಿದ್ದೆ. ಬರಪೀಡಿತ ಪ್ರದೇಶವೆಂದು ಘೋಷಿಸುವ ಪ್ರಶ್ನೆ ಎದ್ದಾಗ ಮಾತ್ರ ಅದರ ಬೆಲೆ ತಿಳಿಯಿತು. ಅಳತೆಯ ದಾಖಲೆ ಇದ್ದ ಊರಿನ ಸಂಕಟಕ್ಕೆ ಆಡಳಿತದ ಮುಂದೆ ಸಾಕ್ಷಿ ಇರುತ್ತಿತ್ತು. ದಾಖಲೆ ಇಲ್ಲದ ಊರಿನ ಸಂಕಟ ಬರಿಯ ಅಹವಾಲಾಗಿ ಉಳಿಯುತ್ತಿತ್ತು.

ಕಣ್ಣಿಗೆ ಕಾಣದ, ಮೂಗಿಗೆ ತಿಳಿಯದ ವಿಕಿರಣದ ವಿಷಯದಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ನಾವು ನಿಂತ ನೆಲದಿಂದ, ಮನೆಯ ಗೋಡೆಯಿಂದ, ಉಸಿರಾಡುವ ಗಾಳಿಯಿಂದ, ತಲೆಯ ಮೇಲಿನ ಆಕಾಶದಿಂದ ಅದು ಸದಾ ನಮ್ಮನ್ನು ತಲಪುತ್ತಿರುತ್ತದೆ. ಅದರಲ್ಲಿ ಯಾವ ಪಾಲು ಎಲ್ಲಿಂದ ಬರುತ್ತದೆಂಬ ಲೆಕ್ಕವನ್ನು ಮೊದಲಿಗೆ ಸರಿಪಡಿಸಿದವರಲ್ಲಿ ಆಸ್ಟ್ರಿಯಾದ ಭೌತವಿಜ್ಞಾನಿ ವಿಕ್ಟರ್ ಹೆಸ್ ಪ್ರಮುಖರು. ವಿಶ್ವಕಿರಣಗಳನ್ನು ಕಂಡುಹಿಡಿದವರೆಂದು ಪಠ್ಯಪುಸ್ತಕಗಳು ಅವರನ್ನು ಸ್ಮರಿಸುತ್ತವೆ. ಆದರೆ ಅವರ ಬದುಕಿನಲ್ಲಿ ಪಠ್ಯಪುಸ್ತಕ ಹೇಳದ ಇನ್ನೊಂದು ಕಥೆಯೂ ಇದೆ. ಅಳತೆಯ ಕೊರತೆ ಮನುಷ್ಯರ ಮೈಯಿಂದ ಎಂತಹ ಬೆಲೆ ತೆಗೆದುಕೊಳ್ಳುತ್ತದೆ ಎಂಬುದರ ಕಥೆ ಅದು.

ಹೆಸ್ ಜನಿಸಿದ್ದು 1883ರ ಜೂನ್ 24ರಂದು, ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತ್ಯದ ವಾಲ್ಡ್‌ಸ್ಟೈನ್ ಎಂಬ ಕೋಟೆಮನೆಯಲ್ಲಿ. ತಂದೆ ಅಲ್ಲಿನ ಜಮೀನ್ದಾರರ ಅರಣ್ಯಾಧಿಕಾರಿ. ಗ್ರಾಜ್ ನಗರದಲ್ಲಿ ಓದಿ 1906ರಲ್ಲಿ ಡಾಕ್ಟರೇಟ್ ಪಡೆದ ಹೆಸ್, ಬರ್ಲಿನ್‌ಗೆ ಹೋಗಿ ಪಾಲ್ ಡ್ರೂಡ ಎಂಬ ಹೆಸರಾಂತ ವಿಜ್ಞಾನಿಯ ಬಳಿ ದೃಗ್ವಿಜ್ಞಾನದಲ್ಲಿ ಕೆಲಸ ಮಾಡಲು ಸಿದ್ಧರಾಗಿದ್ದರು. ಅದೇ ವರ್ಷ ಡ್ರೂಡ ಆತ್ಮಹತ್ಯೆ ಮಾಡಿಕೊಂಡರು. ದಾರಿ ಮುಚ್ಚಿದ ತರುಣ ವಿಯೆನ್ನಾಕ್ಕೆ ಬಂದು ವಿಕಿರಣಶೀಲತೆಯ ಅಧ್ಯಯನದತ್ತ ಹೊರಳಿದರು. ಜೀವನೋಪಾಯಕ್ಕೆ ಪಶುವೈದ್ಯ ವಿದ್ಯಾಲಯದಲ್ಲಿ ಭೌತಶಾಸ್ತ್ರದ ಪಾಠ ಹೇಳಿದರು. 1910ರಲ್ಲಿ ವಿಯೆನ್ನಾದಲ್ಲಿ ರೇಡಿಯಂ ಸಂಶೋಧನಾ ಸಂಸ್ಥೆ ಪ್ರಾರಂಭವಾದಾಗ ಅದರ ಸಹಾಯಕರಾಗಿ ಸೇರಿದರು.

ಆ ಸಂಸ್ಥೆಗೆ ರೇಡಿಯಂ ದೊರೆಯುತ್ತಿದ್ದುದು ಬೊಹೀಮಿಯಾದ ಯೋಆಖಿಮ್ಸ್‌ಟಾಲ್ ಗಣಿಗಳ ಅದಿರಿನಿಂದ. ಕ್ಯೂರಿ ದಂಪತಿಗಳು ರೇಡಿಯಂ ಬೇರ್ಪಡಿಸಲು ಬಳಸಿದ ಅದಿರಿನ ಶೇಷವೂ ಅಲ್ಲಿಯದೇ. ಆ ಗಣಿಗಳಲ್ಲಿಯೂ, ಬೆಟ್ಟಸಾಲಿನ ಆಚೆಯ ಷ್ನೇಬರ್ಗ್ ಗಣಿಗಳಲ್ಲಿಯೂ ಕೆಲಸ ಮಾಡುವವರು ಶ್ವಾಸಕೋಶದ ಕಾಯಿಲೆಯಿಂದ ಅಕಾಲದಲ್ಲಿ ಸಾಯುವುದು ಶತಮಾನಗಳಿಂದ ತಿಳಿದಿದ್ದ ಸಂಗತಿ. ಷ್ನೇಬರ್ಗಿನ ಕಾರ್ಮಿಕರ ಈ ರೋಗ ಶ್ವಾಸಕೋಶದ ದುರ್ಮಾಂಸ ಎಂದು ಇಬ್ಬರು ವೈದ್ಯರು 1879ರಲ್ಲಿ ವರದಿ ಮಾಡಿದ್ದರು. ಯುರೇನಿಯಂ ಕ್ಷಯಿಸಿ ರೇಡಿಯಂ ಆಗುತ್ತದೆ, ರೇಡಿಯಂ ಕ್ಷಯಿಸಿ ರೇಡಾನ್ ಎಂಬ ಅನಿಲವಾಗುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಈ ಅನಿಲ ಬಂಡೆಯ ಬಿರುಕುಗಳಿಂದ ಹೊರಬಂದು ಗಾಳಿ ಆಡದ ಸುರಂಗಗಳಲ್ಲಿ ಸಂಚಯವಾಗುತ್ತದೆ. ಗಣಿಗಳಲ್ಲಿ ಸಾವಿಗೆ ಮುಖ್ಯ ಕಾರಣ ಇದೇ ಎಂಬುದು ವಿಜ್ಞಾನಕ್ಕೆ ಸ್ಪಷ್ಟವಾಗಲು ಇನ್ನೂ ಹಲವು ದಶಕಗಳು ಬೇಕಾದವು.

ಅಂದಿನ ವಿಜ್ಞಾನಿಗಳನ್ನು ಕಾಡುತ್ತಿದ್ದ ಪ್ರಶ್ನೆ ಬೇರೆಯದು. ವಿದ್ಯುದ್ದರ್ಶಕ ಎಂಬ ಸರಳ ಉಪಕರಣಕ್ಕೆ ವಿದ್ಯುದಾವೇಶ ಕೊಟ್ಟಾಗ ಅದರೊಳಗಿನ ಎರಡು ಹಗುರವಾದ ಎಲೆಗಳೋ ತಂತುಗಳೋ ಪರಸ್ಪರ ದೂರ ಸರಿಯುತ್ತವೆ. ವಿಕಿರಣವು ಒಳಗಿನ ಗಾಳಿಯನ್ನು ಅಯಾನುಗಳಾಗಿ ಒಡೆದಂತೆ ಆವೇಶ ಸೋರಿಹೋಗಿ ಅವು ಮತ್ತೆ ಹತ್ತಿರವಾಗುತ್ತವೆ. ಎಷ್ಟು ಬೇಗ ಹತ್ತಿರವಾದವೋ ವಿಕಿರಣ ಅಷ್ಟು ಹೆಚ್ಚು. ಸಮೀಪದಲ್ಲಿ ರೇಡಿಯಂ ಇಲ್ಲದಿದ್ದರೂ, ಸೀಸದ ಕವಚ ತೊಡಿಸಿದರೂ ಈ ಸೋರಿಕೆ ಪೂರ್ತಿ ನಿಲ್ಲುತ್ತಿರಲಿಲ್ಲ. ನೆಲದಲ್ಲಿರುವ ವಿಕಿರಣಶೀಲ ವಸ್ತುಗಳ ಗಾಮಾ ಕಿರಣವೂ ಗಾಳಿಯಲ್ಲಿರುವ ರೇಡಾನ್ ಸಂತತಿಯೂ ಇದಕ್ಕೆ ಕಾರಣವೆಂಬುದು ಬಹುಮತದ ಅಭಿಪ್ರಾಯವಾಗಿತ್ತು. ಅದು ನಿಜವಾದರೆ ಮೇಲೇರಿದಂತೆ ವಿಕಿರಣ ಕಡಿಮೆಯಾಗಬೇಕು. ಥಿಯೋಡೋರ್ ವುಲ್ಫ್ ಎಂಬ ಜೆಸ್ಯೂಟ್ ಪಾದ್ರಿ 1910ರಲ್ಲಿ ತಾವೇ ರೂಪಿಸಿದ ಮಾಪಕವನ್ನು ಪ್ಯಾರಿಸ್‌ನ ಐಫೆಲ್ ಗೋಪುರದ ತುದಿಗೆ ಒಯ್ದರು. ವಿಕಿರಣ ಕಡಿಮೆಯಾಯಿತಾದರೂ ನಿರೀಕ್ಷಿಸಿದಷ್ಟು ಕಡಿಮೆಯಾಗಲಿಲ್ಲ. ಇಟಲಿಯ ಡೊಮೆನಿಕೊ ಪಚೀನಿ ಸಮುದ್ರದ ಮೇಲೆಯೂ ನೀರಿನ ಅಡಿಯಲ್ಲಿಯೂ ಅಳೆದು, ವಿಕಿರಣದ ಒಂದು ಪಾಲು ನೆಲದಿಂದ ಬರುತ್ತಿಲ್ಲವೆಂಬ ತೀರ್ಮಾನಕ್ಕೆ 1911ರಲ್ಲಿಯೇ ಬಂದಿದ್ದರು.

ಹೆಸ್ ಮಾಡಿದ ಮೊದಲ ಕೆಲಸ ಯಾವ ಲೆಕ್ಕಪರಿಶೋಧಕನೂ ಮೆಚ್ಚುವಂಥದು. ಆಕಾಶಕ್ಕೆ ಏರುವ ಮೊದಲು ಅವರು ಪ್ರಬಲ ರೇಡಿಯಂ ಆಕರವನ್ನು ಇಟ್ಟು, ಬೇರೆ ಬೇರೆ ದೂರಗಳಿಂದ ಅಳೆದು, ಗಾಮಾ ಕಿರಣವನ್ನು ಗಾಳಿ ಎಷ್ಟರಮಟ್ಟಿಗೆ ತಡೆಯುತ್ತದೆಂದು ನಿಖರವಾಗಿ ಕಂಡುಕೊಂಡರು. 500 ಮೀಟರ್ ಎತ್ತರದಲ್ಲಿ ನೆಲದ ಗಾಮಾ ಕಿರಣ ನೂರಕ್ಕೆ ಕೆಲವು ಪಾಲು ಮಾತ್ರ ಉಳಿಯಬೇಕೆಂದು ಅದರಿಂದ ತಿಳಿಯಿತು. ಅನಂತರ ಗಾಳಿಯ ಒತ್ತಡ ಇಳಿದರೂ ಒಳಗಿನ ಸ್ಥಿತಿ ಬದಲಾಗದಂತೆ ಬಿಗಿಯಾಗಿ ಮುಚ್ಚಿದ ಮಾಪಕಗಳನ್ನು ಸಿದ್ಧಗೊಳಿಸಿದರು. 1911ರಲ್ಲಿ ಎರಡು ಬಾರಿ, 1912ರಲ್ಲಿ ಏಳು ಬಾರಿ ಬಲೂನಿನಲ್ಲಿ ಹಾರಿದರು. ರಾತ್ರಿಯೂ ಹಾರಿದರು. 1912ರ ಏಪ್ರಿಲ್ 17ರ ಸೂರ್ಯಗ್ರಹಣದ ದಿನವೂ ಹಾರಿದರು. ಗ್ರಹಣಕಾಲದಲ್ಲಿ ವಿಕಿರಣ ಇಳಿಯದಿದ್ದುದರಿಂದ ಅದರ ಮೂಲ ಸೂರ್ಯನಲ್ಲವೆಂದು ತರ್ಕಿಸಿದರು.

ನಿರ್ಣಾಯಕ ಹಾರಾಟ 1912ರ ಆಗಸ್ಟ್ 7ರಂದು. ಹೆಚ್ಚು ಎತ್ತರಕ್ಕೆ ಜಲಜನಕ ತುಂಬಿದ ಬಲೂನು ಬೇಕಿತ್ತು. ಬೊಹೀಮಿಯಾದ ಔಸಿಗ್ ಎಂಬಲ್ಲಿಂದ, ಇಂದಿನ ಚೆಕ್ ಗಣರಾಜ್ಯದ ಊಸ್ತಿ ನಗರದಿಂದ, ಬೆಳಿಗ್ಗೆ ಆರು ಗಂಟೆಯ ಸುಮಾರಿಗೆ ಬಲೂನು ಮೇಲೆದ್ದಿತು. ಬುಟ್ಟಿಯಲ್ಲಿದ್ದವರು ಮೂವರು: ಬಲೂನು ನಡೆಸುವವರು, ಹವಾಮಾನ ವೀಕ್ಷಕರು ಮತ್ತು ಇಪ್ಪತ್ತೊಂಬತ್ತು ವರ್ಷದ ಹೆಸ್. ಜೊತೆಗೆ ಮೂರು ವಿದ್ಯುದ್ದರ್ಶಕಗಳು. ಮೊದಲ ಸುಮಾರು ಸಾವಿರ ಮೀಟರ್‌ವರೆಗೆ ವಿಕಿರಣ ಸ್ವಲ್ಪ ಇಳಿಯಿತು, ನೆಲದ ಪ್ರಭಾವ ಕುಗ್ಗುತ್ತಿತ್ತು. ಬಳಿಕ ಏರತೊಡಗಿತು. ಬಲೂನು ತಲಪಿದ ಗರಿಷ್ಠ ಎತ್ತರ 5,350 ಮೀಟರ್. ಪ್ರಾಣವಾಯು ವಿರಳವಾಗಿ ಮೈ ಸೋಲುವ ಆ ಎತ್ತರದಲ್ಲಿ ವಿಕಿರಣದ ಪ್ರಮಾಣ ನೆಲದ ಮಟ್ಟವನ್ನು ಬಹಳ ಹಿಂದೆ ಹಾಕಿತ್ತು. ಮಧ್ಯಾಹ್ನ ಬರ್ಲಿನ್‌ನ ಪೂರ್ವಕ್ಕಿರುವ ಪೀಸ್ಕೊ ಎಂಬ ಹಳ್ಳಿಯ ಬಳಿ ಅವರು ಇಳಿದಾಗ, ವಾತಾವರಣದ ಹೊರಗಿನಿಂದ ಭೂಮಿಗೆ ಬರುವ, ಬಹಳ ತೀಕ್ಷ್ಣವಾಗಿ ಒಳನುಗ್ಗುವ ವಿಕಿರಣವೊಂದಿದೆ ಎಂಬ ತೀರ್ಮಾನಕ್ಕೆ ಬೇಕಾದ ಅಂಕಿಗಳು ಅವರ ಟಿಪ್ಪಣಿ ಪುಸ್ತಕದಲ್ಲಿದ್ದವು.

ಈ ತೀರ್ಮಾನವನ್ನು ಜಗತ್ತು ಕೂಡಲೇ ಒಪ್ಪಲಿಲ್ಲ. ಜರ್ಮನಿಯ ಕೋಲ್‌ಹೋರ್ಸ್ಟರ್ ಇನ್ನೂ ಎತ್ತರಕ್ಕೆ ಹಾರಿ ಸಮರ್ಥಿಸಿದರು. ಅಮೆರಿಕದ ಮಿಲಿಕನ್ ಮೊದಲು ಸಂಶಯಪಟ್ಟು, ಅನಂತರ ಒಪ್ಪಿ, 1925ರಲ್ಲಿ ವಿಶ್ವಕಿರಣವೆಂದು ಹೆಸರಿಟ್ಟರು. ಹೆಸ್ ಅವರಿಗೆ ನೊಬೆಲ್ ಬಹುಮಾನದ ಅರ್ಧ ಪಾಲು ದೊರೆತದ್ದು 1936ರಲ್ಲಿ, ಪಾಸಿಟ್ರಾನ್ ಕಂಡುಹಿಡಿದ ಕಾರ್ಲ್ ಆ್ಯಂಡರ್‌ಸನ್ ಅವರೊಡನೆ. ಪಚೀನಿ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು.

ಈ ಎರಡು ತಾರೀಖುಗಳ ನಡುವಿನ ಒಂದು ಅಧ್ಯಾಯದತ್ತ ಓದುಗರ ಗಮನ ಸೆಳೆಯಬೇಕೆಂಬುದೇ ಈ ಲೇಖನದ ಉದ್ದೇಶ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದ ಆರ್ಥಿಕತೆ ಕುಸಿದಿತ್ತು. 1921ರಲ್ಲಿ ಹೆಸ್ ಅಮೆರಿಕಕ್ಕೆ ಹೋಗಿ, ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿದ್ದ ಯುನೈಟೆಡ್ ಸ್ಟೇಟ್ಸ್ ರೇಡಿಯಂ ಕಾರ್ಪೊರೇಷನ್ ಎಂಬ ಕಂಪೆನಿಯ ಸಂಶೋಧನಾಲಯದ ನಿರ್ದೇಶಕರಾದರು. ಎರಡು ವರ್ಷ ಅಲ್ಲಿದ್ದು 1923ರಲ್ಲಿ ಸ್ವದೇಶಕ್ಕೆ ಮರಳಿದರು. ಕತ್ತಲೆಯಲ್ಲಿ ಹೊಳೆಯುವ ಗಡಿಯಾರದ ಮುಖಗಳಿಗೆ ರೇಡಿಯಂ ಬಣ್ಣ ಬಳಿಯುವ ಕಾರ್ಖಾನೆ ಅದೇ ಕಂಪೆನಿಯದು. ಅಲ್ಲಿ ಬಣ್ಣ ಬಳಿಯುತ್ತಿದ್ದವರು ತರುಣಿಯರು. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಇಟ್ಟು ತಿರುವುವ ರೂಢಿಯಿತ್ತು. ಹೀಗೆ ದಿನವೂ ಒಂದಿಷ್ಟು ರೇಡಿಯಂ ಹೊಟ್ಟೆಗೆ ಹೋಗಿ ಮೂಳೆಯಲ್ಲಿ ನೆಲೆಸಿತು. ರಕ್ತ ಕೆಟ್ಟಿತು, ದವಡೆಯ ಮೂಳೆ ಕೊಳೆಯಿತು. 1922ರಿಂದಲೇ ಸಾವುಗಳು ಸಂಭವಿಸತೊಡಗಿದವು. ಸಾವಿನ ಹೊಸ್ತಿಲಲ್ಲಿದ್ದ ಐವರು ಮಹಿಳೆಯರು ಕಂಪೆನಿಯ ವಿರುದ್ಧ ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು.

ವಿಶ್ವದ ಅತ್ಯಂತ ಸೂಕ್ಷ್ಮ ವಿಕಿರಣಮಾಪಕರಲ್ಲಿ ಒಬ್ಬರು ಸಂಶೋಧನಾಲಯದ ಮುಖ್ಯಸ್ಥರಾಗಿದ್ದ ಕಂಪೆನಿಯಲ್ಲಿ, ಅಲ್ಲಿನ ಕೆಲವು ಕೆಲಸಗಾರರು ತಮ್ಮ ಮೈಯೊಳಗಿನ ವಿಕಿರಣವನ್ನು ಅಳೆಯಿಸಿಕೊಳ್ಳದೆ ಸತ್ತರು. ಇದನ್ನು ಹೆಸ್ ಅವರ ಮೇಲಿನ ಆರೋಪವಾಗಿ ಓದಬಾರದು. ವಿಜ್ಞಾನ ಆಗ ಅಳೆಯುತ್ತಿದ್ದುದು ರೇಡಿಯಂನ ಶುದ್ಧತೆಯನ್ನು, ಅಂದರೆ ಸರಕಿನ ಬೆಲೆಯನ್ನು. ಗ್ರಾಂ ಒಂದಕ್ಕೆ ಲಕ್ಷ ಡಾಲರ್ ಬಾಳುತ್ತಿದ್ದ ಆ ವಸ್ತುವಿನ ಒಂದು ಕಣವೂ ಲೆಕ್ಕಕ್ಕೆ ಸಿಗದೆ ಹೋಗುವಂತಿರಲಿಲ್ಲ. ಕಾರ್ಮಿಕಳ ಮೂಳೆಗೆ ಹೋದದ್ದಕ್ಕೆ ಲೆಕ್ಕದ ಅಂಕಣವೇ ಇರಲಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಬಾಹ್ಯ ವೆಚ್ಚ ಎನ್ನುತ್ತಾರೆ. ಉತ್ಪಾದಕನ ಪುಸ್ತಕದಲ್ಲಿ ಕಾಣಿಸದ ವೆಚ್ಚವನ್ನು ಬೇರೆ ಯಾರೋ ತಮ್ಮ ದೇಹದಿಂದ ಭರಿಸುತ್ತಾರೆ.

ಆ ವೆಚ್ಚದ ಒಂದು ಪಾಲನ್ನು ಹೆಸ್ ಅವರೂ ಭರಿಸಬೇಕಾಯಿತು. ವರ್ಷಗಟ್ಟಲೆ ರೇಡಿಯಂ ನಿರ್ವಹಿಸಿದ ಕೈಗೆ ಸುಟ್ಟ ಗಾಯವಾಗಿ 1934ರಲ್ಲಿ ಹೆಬ್ಬೆರಳನ್ನು ಕತ್ತರಿಸಬೇಕಾಯಿತು. ಅದಕ್ಕೆ ಮೊದಲು, 1931ರಲ್ಲಿ, ಇನ್ಸ್‌ಬ್ರುಕ್ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರಾಗಿ ಹೋಗಿದ್ದ ಅವರು ಸಮೀಪದ ಹಾಫೆಲೆಕಾರ್ ಶಿಖರದಲ್ಲಿ, 2,300 ಮೀಟರ್ ಎತ್ತರದಲ್ಲಿ, ವಿಶ್ವಕಿರಣಗಳ ನಿರಂತರ ವೀಕ್ಷಣೆಗಾಗಿ ಕೇಂದ್ರವೊಂದನ್ನು ಸ್ಥಾಪಿಸಿದ್ದರು. ಬಲೂನಿನ ಸಾಹಸ ಒಂದು ದಿನದ್ದು. ಶಿಖರದ ಮೇಲಿನ ದಾಖಲೆ ವರ್ಷಗಳದು. ವೈಯಕ್ತಿಕವಾಗಿ ನನಗೆ ಅವರ ಈ ಎರಡನೆಯ ಕೆಲಸವೇ ಹೆಚ್ಚು ಗೌರವಾರ್ಹವೆಂದು ತೋರುತ್ತದೆ.

1938ರಲ್ಲಿ ನಾಜಿ ಜರ್ಮನಿ ಆಸ್ಟ್ರಿಯಾವನ್ನು ನುಂಗಿತು. ಹೆಸ್ ನಿಷ್ಠಾವಂತ ಕ್ಯಾಥೊಲಿಕ್. ಪತ್ನಿ ಯೆಹೂದಿ ಮೂಲದವರು. ನೊಬೆಲ್ ಪಡೆದು ಎರಡೇ ವರ್ಷವಾಗಿದ್ದ ಪ್ರಾಧ್ಯಾಪಕರನ್ನು ಗ್ರಾಜ್ ವಿಶ್ವವಿದ್ಯಾಲಯದ ಹುದ್ದೆಯಿಂದ ವಜಾ ಮಾಡಲಾಯಿತು. ಬಂಧನದ ಸುಳಿವು ಮುಂಚಿತವಾಗಿ ದೊರೆತು ದಂಪತಿಗಳು ಸ್ವಿಟ್ಜರ್ಲೆಂಡಿಗೆ ಪಾರಾದರು. ಅಲ್ಲಿಂದ ನ್ಯೂಯಾರ್ಕಿಗೆ ತೆರಳಿ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿ ಐವತ್ತೈದನೆಯ ವಯಸ್ಸಿನಲ್ಲಿ ಹೊಸದಾಗಿ ಬದುಕು ಪ್ರಾರಂಭಿಸಿದರು. 1944ರಲ್ಲಿ ಅಮೆರಿಕದ ಪ್ರಜೆಯಾದರು.

ಫೋರ್ಡಮ್‌ನಲ್ಲಿ ಅವರ ಗಮನ ಮತ್ತೆ ನೆಲದತ್ತ, ಮನುಷ್ಯರತ್ತ ತಿರುಗಿತು. ನ್ಯೂಯಾರ್ಕಿನ ಸುರಂಗ ರೈಲು ನಿಲ್ದಾಣವೊಂದರಲ್ಲಿ, ಬಂಡೆಯ ಅಡಿಯಲ್ಲಿ, ಅಲ್ಲಿನ ಶಿಲೆಯ ವಿಕಿರಣಶೀಲತೆಯನ್ನು ಅಳೆದರು. ಹಿರೋಷಿಮಾದ ನಂತರ ಪರಮಾಣು ಸ್ಫೋಟಗಳ ವಿಕಿರಣಧೂಳು ಗಾಳಿಯಲ್ಲಿ ಎಲ್ಲೆಲ್ಲಿಗೆ ಹರಡುತ್ತದೆಂಬ ಪ್ರಶ್ನೆ ಎದ್ದಾಗ, ಸಹೋದ್ಯೋಗಿಯೊಬ್ಬರೊಡನೆ ಎಂಪೈರ್ ಸ್ಟೇಟ್ ಕಟ್ಟಡದ ಗೋಪುರದಲ್ಲಿ ಉಪಕರಣಗಳನ್ನಿಟ್ಟು ಪರೀಕ್ಷಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ಮನುಷ್ಯನ ದೇಹದಲ್ಲಿ ಸೇರಿದ ಅತ್ಯಲ್ಪ ಪ್ರಮಾಣದ ರೇಡಿಯಂ ಅನ್ನು ಅದರ ಗಾಮಾ ಕಿರಣದ ಮೂಲಕ ಪತ್ತೆಹಚ್ಚುವ ವಿಧಾನವನ್ನು ವಿಲಿಯಂ ಮೆಕ್‌ನಿಫ್ ಎಂಬುವರ ಜೊತೆಗೂಡಿ 1947ರಲ್ಲಿ ಪ್ರಕಟಿಸಿದರು. ಆರೆಂಜ್ ಪಟ್ಟಣದ ತರುಣಿಯರಿಗೆ ಇಪ್ಪತ್ತೈದು ವರ್ಷ ತಡವಾಗಿ ಬಂದ ಮಾಪಕ ಅದು. ಅಣ್ವಸ್ತ್ರ ಪರೀಕ್ಷೆಗಳನ್ನು ಅವರು ಬಹಿರಂಗವಾಗಿ ವಿರೋಧಿಸಿದರು. 1964ರ ಡಿಸೆಂಬರ್ 17ರಂದು ನ್ಯೂಯಾರ್ಕ್ ಸಮೀಪದ ಮೌಂಟ್ ವರ್ನನ್‌ನಲ್ಲಿ ನಿಧನರಾದರು.

ಹೆಸ್ ಬಿಡಿಸಿದ ಲೆಕ್ಕ ಇಂದು ಪಟ್ಟಿಯ ರೂಪದಲ್ಲಿ ಲಭ್ಯವಿದೆ. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿ 2000ದಲ್ಲಿ ನೀಡಿದ ಅಂದಾಜಿನ ಪ್ರಕಾರ ಪ್ರಪಂಚದ ಸರಾಸರಿ ಮನುಷ್ಯನಿಗೆ ನಿಸರ್ಗದಿಂದ ವರ್ಷಕ್ಕೆ ತಲಪುವ ವಿಕಿರಣ 2.4 ಮಿಲಿಸೀವರ್ಟ್. ಅದರಲ್ಲಿ ವಿಶ್ವಕಿರಣದ ಪಾಲು ಸುಮಾರು 0.4, ನೆಲ ಹಾಗೂ ಕಟ್ಟಡಗಳ ಗಾಮಾ ಕಿರಣದ ಪಾಲು ಸುಮಾರು 0.5. ಅರ್ಧಕ್ಕಿಂತ ಹೆಚ್ಚು, ಅಂದರೆ ಸುಮಾರು 1.3ರಷ್ಟು, ಉಸಿರಾಟದ ಮೂಲಕ, ಮುಖ್ಯವಾಗಿ ರೇಡಾನ್ ಮತ್ತು ಅದರ ಸಂತತಿಯಿಂದ ಬರುವಂಥದು. ಧೂಮಪಾನದ ನಂತರ ಶ್ವಾಸಕೋಶದ ಕ್ಯಾನ್ಸರ್‌ಗೆ ಪ್ರಮುಖ ಕಾರಣ ರೇಡಾನ್ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಸ್ಪಷ್ಟಪಡಿಸಿತು. ಮನೆಯೊಳಗಿನ ಗಾಳಿಯಲ್ಲಿ ಘನಮೀಟರ್‌ಗೆ 100 ಬೆಕೆರೆಲ್ ಒಳಗಿರಲಿ, ಅದು ಸಾಧ್ಯವಿಲ್ಲದೆಡೆ 300ನ್ನು ಮೀರದಿರಲಿ ಎಂದು ಸಲಹೆ ಮಾಡಿತು.

ಇದನ್ನು ಅಳೆಯುವ ವಿಧಾನ ನಮ್ಮ ಮಳೆಮಾಪಕವನ್ನು ನೆನಪಿಸುವಷ್ಟು ಸರಳ. ರೇಡಾನ್ ಪ್ರಮಾಣ ಗಂಟೆಗಂಟೆಗೂ ಬದಲಾಗುತ್ತದೆ. ಕಿಟಕಿ ಮುಚ್ಚಿದ ರಾತ್ರಿ ಏರುತ್ತದೆ, ಗಾಳಿಯಾಡುವ ಮಧ್ಯಾಹ್ನ ಇಳಿಯುತ್ತದೆ, ಋತುವಿನೊಡನೆಯೂ ಬದಲಾಗುತ್ತದೆ. ಆದುದರಿಂದ ಒಂದು ಗಳಿಗೆಯ ಅಳತೆ ದಾರಿತಪ್ಪಿಸಬಹುದು. ನಿಷ್ಕ್ರಿಯ ಮಾಪಕದಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಬಟ್ಟಲು, ಅದರೊಳಗೆ ಬೆರಳಗಲದ ವಿಶೇಷ ಫಿಲ್ಮಿನ ತುಂಡು ಇರುತ್ತದೆ. ಬಳಕೆಯಲ್ಲಿರುವ ಎರಡು ಬಗೆಗಳಲ್ಲಿ ಒಂದು, ಕನ್ನಡಕದ ಗಾಜಿನ ಬದಲು ಬಳಸುವ ಪ್ಲಾಸ್ಟಿಕ್ಕೇ. ಅದನ್ನು ಕೋಣೆಯಲ್ಲಿ ಮೂರು ತಿಂಗಳು ತೂಗುಹಾಕಿದರೆ, ಬಟ್ಟಲಿನೊಳಗೆ ಬಂದ ರೇಡಾನ್ ಸಿಡಿಸುವ ಆಲ್ಫಾ ಕಣಗಳು ಫಿಲ್ಮಿನ ಮೇಲೆ ಕಾಣದಷ್ಟು ಸೂಕ್ಷ್ಮವಾದ ಗೀರು ಮೂಡಿಸುತ್ತವೆ. ಬಿಸಿಯಾದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಅದ್ದಿದಾಗ ಗೀರುಗಳು ಹಿಗ್ಗುತ್ತವೆ, ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಎಣಿಸಬಹುದು. ಗಾಮಾ ಕಿರಣಕ್ಕಾದರೆ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವ ಹರಳುಪುಡಿಯ ಬಿಲ್ಲೆ. ಅವಧಿ ಮುಗಿದ ಮೇಲೆ ಅದನ್ನು ಕಾಯಿಸಿದರೆ, ಪಡೆದ ವಿಕಿರಣಕ್ಕೆ ತಕ್ಕಷ್ಟು ಬೆಳಕು ಸೂಸುತ್ತದೆ. ನಮ್ಮ ಅಣುಸ್ಥಾವರಗಳ ಸುತ್ತಲಿನ ಊರುಗಳಲ್ಲಿಯೂ ವಿಕಿರಣ ಕ್ಷೇತ್ರದ ನೌಕರರ ಎದೆಯ ಮೇಲಿನ ಬ್ಯಾಡ್ಜಿನಲ್ಲಿಯೂ ಕೆಲಸ ಮಾಡುವುದು ಇದೇ.

ಅಳತೆ ಭಯವನ್ನು ಬಿತ್ತುತ್ತದೆ ಎಂಬ ಆಕ್ಷೇಪವನ್ನು ಆಡಳಿತದ ವಲಯದಲ್ಲಿ ನಾನು ಹಲವು ಬಾರಿ ಕೇಳಿದ್ದೇನೆ. ಅನುಭವ ಹೇಳುವುದು ಬೇರೆ. ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿಯ ಕಡಲತೀರದಲ್ಲಿ ಥೋರಿಯಂಯುಕ್ತ ಮೊನಜೈಟ್ ಮರಳಿನಿಂದಾಗಿ ಗಾಮಾ ವಿಕಿರಣ ಸಾಮಾನ್ಯಕ್ಕಿಂತ ಬಹಳ ಹೆಚ್ಚು. ಅಲ್ಲಿನ ನಿವಾಸಿಗಳನ್ನು ದೀರ್ಘಕಾಲ ಅಭ್ಯಸಿಸಿ 2009ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆ ಗಾಮಾ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಂಡುಬರಲಿಲ್ಲ. ಅಳೆದಿರದಿದ್ದರೆ ಅಲ್ಲಿ ಉಳಿಯುತ್ತಿದ್ದುದು ವದಂತಿ ಮಾತ್ರ. ಗಣಿ ಸುರಂಗಗಳ ರೇಡಾನ್ ವಿಷಯದಲ್ಲಿ ಅದೇ ಅಳತೆ ಅಪಾಯವನ್ನು ಖಚಿತಪಡಿಸಿತು. ಭಯಪಡಬೇಕಾದೆಡೆ ಎಚ್ಚರಿಸುವುದೂ ಬೇಡದೆಡೆ ಸಮಾಧಾನ ಹೇಳುವುದೂ ಒಂದೇ ವಹಿ.

ಕರ್ನಾಟಕಕ್ಕೂ ಈ ವಿಜ್ಞಾನಕ್ಕೂ ಹಳೆಯ ನಂಟಿದೆ. ಎರಡನೆಯ ಮಹಾಯುದ್ಧದ ಆರಂಭದ ಚಳಿಗಾಲದಲ್ಲಿ ಮಿಲಿಕನ್ ಬೆಂಗಳೂರಿಗೆ ಬಂದು ವಿಶ್ವಕಿರಣ ಅಳೆಯುವ ಬಲೂನುಗಳನ್ನು ಹಾರಿಸಿದ್ದರು. ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ನೆಲದಿಂದ ಎರಡು ಕಿಲೋಮೀಟರ್‌ಗೂ ಹೆಚ್ಚು ಕೆಳಗೆ, ವಿಶ್ವಕಿರಣಗಳಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವು 1965ರಲ್ಲಿ ದೊರೆಯಿತು. ನಂಜನಗೂಡಿನಲ್ಲಿ ಜನಿಸಿದ ಬಿ.ವಿ. ಶ್ರೀಕಂಠನ್ ಕೋಲಾರದ ಆ ಪ್ರಯೋಗಪರಂಪರೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಹೆಸ್ ಮೇಲಕ್ಕೆ ಹೋಗಿ ಹುಡುಕಿದ್ದನ್ನು ನಮ್ಮವರು ಕೆಳಕ್ಕೆ ಇಳಿದು ಹುಡುಕಿದರು. ಮೈಸೂರು ಮತ್ತು ಮಂಗಳೂರು ವಿಶ್ವವಿದ್ಯಾಲಯಗಳ ಭೌತಶಾಸ್ತ್ರ ವಿಭಾಗಗಳು ಮನೆಗಳ ರೇಡಾನ್ ಹಾಗೂ ಕರಾವಳಿಯ ಮರಳಿನ ಗಾಮಾ ವಿಕಿರಣ ಕುರಿತು ವರ್ಷಗಳಿಂದ ಸಂಶೋಧನೆ ನಡೆಸಿವೆ.

ಆದರೆ ಸಂಶೋಧನಾ ಪ್ರಬಂಧದಲ್ಲಿರುವ ಅಂಕಿ ಮನೆ ಕಟ್ಟುವವನಿಗೆ ತಲಪುವುದಿಲ್ಲ. ನಮ್ಮ ಹಳೆಯ ಮನೆಗಳಲ್ಲಿ ಗಾಳಿ ಧಾರಾಳವಾಗಿ ಆಡುತ್ತಿತ್ತು, ರೇಡಾನ್ ನಿಲ್ಲುತ್ತಿರಲಿಲ್ಲ. ಈಗ ಗ್ರಾನೈಟ್ ನೆಲದ ಮೇಲೆ, ನೆಲಮಾಳಿಗೆ ತೋಡಿ, ಕಿಟಕಿ ಮುಚ್ಚಿ, ಹವಾನಿಯಂತ್ರಣ ಅಳವಡಿಸಿದ ಕಟ್ಟಡಗಳಲ್ಲಿ ನಾವೂ ನಮ್ಮ ಮಕ್ಕಳೂ ದಿನದ ಬಹುಪಾಲು ಕಳೆಯುತ್ತಿದ್ದೇವೆ. ರೇಡಾನ್ ಹೆಚ್ಚಿದ್ದರೆ ಪರಿಹಾರ ದುಬಾರಿಯದೇನಲ್ಲ: ನೆಲದ ಬಿರುಕು ಮುಚ್ಚುವುದು, ಗಾಳಿಗೆ ದಾರಿ ಮಾಡುವುದು, ಅಗತ್ಯವಿದ್ದರೆ ನೆಲಗಟ್ಟಿನ ಅಡಿಯಿಂದ ಕೊಳವೆ ಹಾಯಿಸಿ ಅನಿಲವನ್ನು ಹೊರಹಾಕುವುದು. ಎಲ್ಲಿ ಅಗತ್ಯವೆಂದು ತಿಳಿಯಲು ಮೊದಲು ಅಳೆಯಬೇಕು. ತನ್ನ ಕಟ್ಟಡದ ದೋಷವನ್ನು ತಾನೇ ಅಳೆದು ಪ್ರಕಟಿಸಲು ಮಾರಾಟಗಾರನಿಗೆ ಲಾಭವಿಲ್ಲ. ಮಾರುಕಟ್ಟೆ ಒದಗಿಸದ ಇಂತಹ ಮಾಹಿತಿಯನ್ನು ಒದಗಿಸುವುದು ಸರ್ಕಾರದ ಹೊಣೆ. ತಾಲ್ಲೂಕಿಗೆ ಒಂದು ಮಳೆಮಾಪಕ ಇಡಲು ಸಾಧ್ಯವಾದ ಆಡಳಿತಕ್ಕೆ, ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ, ಆಯ್ದ ಮನೆಗಳಲ್ಲಿ ವರ್ಷಕ್ಕೆ ನಾಲ್ಕು ಬಾರಿ ಒಂದು ಪ್ಲಾಸ್ಟಿಕ್ ಬಟ್ಟಲನ್ನು ತೂಗುಹಾಕಿ, ಎಣಿಸಿ, ಫಲಿತಾಂಶವನ್ನು ಊರಿನ ಭಾಷೆಯಲ್ಲಿ ಪ್ರಕಟಿಸುವುದು ಅಸಾಧ್ಯವೇನಲ್ಲ. ವಿಶ್ವವಿದ್ಯಾಲಯಗಳಲ್ಲಿ ಬಲ್ಲವರಿದ್ದಾರೆ, ಬೇಕಾಗಿರುವುದು ಆದೇಶ ಮತ್ತು ವಹಿ.

ಹೆಸ್ ಅವರ ಹೆಸರು ಉಳಿದದ್ದು ಬಲೂನಿನಲ್ಲಿ ಕಳೆದ ಆರು ಗಂಟೆಗಳಿಂದ. ಆ ಆರು ಗಂಟೆಗಳ ಹಿಂದೆ ನೆಲದ ಮೇಲೆ ರೇಡಿಯಂ ಇಟ್ಟು ಅಳೆದ ತಾಳ್ಮೆಯಿತ್ತು. ಅವುಗಳ ಮುಂದೆ, ಆರೆಂಜ್ ಪಟ್ಟಣದಲ್ಲಿ, ಯಾರೂ ಅಳೆಯದೆ ಹೋದ ಹೆಣ್ಣುಮಕ್ಕಳಿದ್ದರು. ಮಾಪಕ ಈಗ ನಮ್ಮ ಕೈಯಲ್ಲಿದೆ. ತಡವಾಯಿತೆಂದು ಇನ್ನೊಮ್ಮೆ ಹೇಳುವ ಪ್ರಸಂಗ ಬಾರದಿರಲಿ.